ಪೆಟ್ಟಿಗೆಯ ಜಿರಲೆ, ಊಸರವಳ್ಳಿಯ ಎಲುಬು

ಅಡುಗೆಮನೆಯಲ್ಲಿ ಒಂದೇ ಒಂದು ಜಿರಲೆ ಕಂಡರೂ ನಮ್ಮ ಅವ್ವ ಕಸಬರಿಗೆ ಹಿಡಿದು ಮೂಲೆ ಮೂಲೆ ಹುಡುಕುತ್ತಾಳೆ. ಅದೇ ಅವ್ವ ಬೆಳಿಗ್ಗೆ ಪಲ್ಯಕ್ಕೆ ಗಜ್ಜರಿ ಹೆಚ್ಚುವಾಗ ತುದಿ, ಬುಡ, ಸಿಪ್ಪೆಗಳನ್ನು ಬೇರೊಂದು ತಾಟಿನಲ್ಲಿ ತೆಗೆದಿಡುತ್ತಾಳೆ. ಆ ತಾಟು ಮಾಳಿಗೆಯ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಗೆ ಹೋಗುತ್ತದೆ. ಅಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ 800 ಜಿರಲೆಗಳಿವೆ. ಮೊದಲ ವರ್ಷ ಅವ್ವ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಈಗ ನಾನು ಕೆಲಸದ ಮೇಲೆ ಗದಗಿಗೋ ಹಾವೇರಿಗೋ ಹೋದ ದಿನ ಅವಳೇ ಮುಚ್ಚಳ ತೆಗೆದು ಮೇವು ಹಾಕುತ್ತಾಳೆ. ‘ಮೇವು’ ಎಂಬುದು ಅವಳದೇ ಮಾತು. ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳಿಗೆ ಅದು ಸಹಜವಾಗಿ ಬಂದಿತು, ನನಗೂ ವಿಷಯ ಅರ್ಥವಾದದ್ದು ಆ ಮಾತಿನಿಂದಲೇ. ಊಸರವಳ್ಳಿ ಸಾಕುವುದೆಂದರೆ ಮೊದಲು ಅದರ ಆಹಾರವನ್ನು ಸಾಕುವುದು, ಅದಕ್ಕೂ ಮೊದಲು ಆ ಆಹಾರ ಏನು ತಿನ್ನುತ್ತದೆ ಎಂದು ನೋಡಿಕೊಳ್ಳುವುದು.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಹವ್ಯಾಸದ ಬಗ್ಗೆ ಕೇಳುವ ಹುಡುಗರು ಹೆಚ್ಚಾಗಿದ್ದಾರೆ. ಅವರಿಗೆಲ್ಲ ನಾನು ಹೇಳುವ ಮೊದಲ ಮಾತು ಜಿರಲೆಯದಲ್ಲ, ಕಾಯ್ದೆಯದು. ನಮ್ಮ ಹೊಲದ ಬೇಲಿಗಳಲ್ಲಿ, ಕುರುಚಲು ಕಾಡಿನಲ್ಲಿ ತೂಗಾಡುತ್ತಾ ನಡೆಯುವ ಹಸಿರು ಊಸರವಳ್ಳಿ ಭಾರತದಲ್ಲಿರುವ ಒಂದೇ ಒಂದು ಊಸರವಳ್ಳಿ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ. ಅದನ್ನು ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಅಪರಾಧ. ಅಪಶಕುನವೆಂದು ಕಲ್ಲೆಸೆಯುವವರಿಂದ ಅದನ್ನು ಬಿಡಿಸಿ ಪಕ್ಕದ ಗಿಡಕ್ಕೆ ಹತ್ತಿಸಿದರೆ ಅದೇ ದೊಡ್ಡ ಉಪಕಾರ, ಪಂಜರ ಬೇಡ.

ಮನೆಯಲ್ಲಿ ಸಾಕಲು ಸಿಗುವುದು ಹೊರದೇಶದ ಜಾತಿಗಳು. ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಮೂಲದ, ತಲೆಯ ಮೇಲೆ ಎತ್ತರದ ಕಿರೀಟವಿರುವ ವೇಲ್ಡ್ ಕ್ಯಾಮೆಲಿಯನ್ ಒಂದು. ಮಡಗಾಸ್ಕರ್‌ನ ಪ್ಯಾಂಥರ್ ಕ್ಯಾಮೆಲಿಯನ್ ಇನ್ನೊಂದು. ಇವೆರಡೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2022ರಲ್ಲಿ ನಮ್ಮ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, 2024ರ ನಿಯಮಗಳಂತೆ ಇಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರುವವರು ದಾಖಲೆ ಕೊಡದೆ ‘ಏನೂ ಆಗುವುದಿಲ್ಲ’ ಎಂದರೆ ಅಲ್ಲಿಂದಲೇ ಹಿಂದಿರುಗಿ.

ನನ್ನದು ವೇಲ್ಡ್ ಜಾತಿಯ ಗಂಡು. ಮನೆಗೆ ಬಂದ ಐದನೇ ತಿಂಗಳಲ್ಲಿ ಅದರ ನಾಲಿಗೆ ಗುರಿ ಮುಟ್ಟದಾಯಿತು. ಮೊದಲು ಮೈಯುದ್ದಕ್ಕಿಂತ ದೂರ ಚಿಮ್ಮುತ್ತಿದ್ದ ನಾಲಿಗೆ ಈಗ ಬೆರಳುದ್ದ ಬಂದು ಜೋಲುತ್ತಿತ್ತು. ಕೊಂಬೆ ಹಿಡಿಯುವಾಗ ಮುಂಗಾಲು ಸ್ವಲ್ಪ ಬಾಗಿದಂತೆ ಕಂಡಿತು. ಎಕ್ಸ್‌ರೇ ನೋಡಿದ ಪಶುವೈದ್ಯರು ಎಲುಬು ತೆಳುವಾಗಿವೆ ಎಂದು ಹೇಳಿ, ‘ಇದಕ್ಕೆ ಏನು ಹಾಕುತ್ತೀರಿ?’ ಎಂದು ಕೇಳಿದರು. ‘ಜಿರಲೆ’ ಎಂದೆ. ‘ಜಿರಲೆಗೆ ಏನು ಹಾಕುತ್ತೀರಿ?’ ಎಂದು ಮತ್ತೆ ಕೇಳಿದರು. ತವುಡು ಮತ್ತು ಬಿಸ್ಕತ್ತಿನ ಪುಡಿ ಎಂದು ಹೇಳುವಾಗಲೇ ನನಗೆ ತಪ್ಪು ತಿಳಿಯತೊಡಗಿತ್ತು.

ಕೀಟಕ್ಕೆ ಎಲುಬಿಲ್ಲ. ಅದರ ಮೈಗೆ ಆಧಾರವಾಗಿರುವುದು ಕೈಟಿನ್ ಎಂಬ ವಸ್ತುವಿನ ಹೊರಚಿಪ್ಪು, ಅದರಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಬಹಳ ಕಡಿಮೆ. ಹೀಗಾಗಿ ಜಿರಲೆ, ಚಿಮ್ಮಂಡೆ, ಹಿಟ್ಟಿನ ಹುಳು ಯಾವುದನ್ನೇ ತೆಗೆದುಕೊಂಡರೂ ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಹಲವು ಪಟ್ಟು ಹೆಚ್ಚಿರುತ್ತದೆ. ಸರೀಸೃಪಕ್ಕೆ ಬೇಕಾದದ್ದು ಇದರ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ರಂಜಕ ಹೆಚ್ಚಾದರೆ ಇರುವ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಆದರೆ ಸ್ನಾಯು ಅಲುಗಾಡಲು, ಹೃದಯ ಬಡಿಯಲು ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ದೇಹ ಅದನ್ನು ಎಲುಬಿನಿಂದ ತೆಗೆಯುತ್ತದೆ, ಒಡವೆ ಅಡವಿಟ್ಟು ದಿನದ ಸಂತೆ ಮಾಡಿದ ಹಾಗೆ. ಹೊರಗೆ ಎಲ್ಲ ಸರಿಯಿದೆ ಎಂದು ಕಾಣುತ್ತಿರುವಾಗಲೇ ಒಳಗಿನ ಗಂಟು ಕರಗುತ್ತಿರುತ್ತದೆ. ಕಾಲು ಬಾಗಿ, ದವಡೆ ಮೆತ್ತಗಾಗಿ, ನಾಲಿಗೆ ಜೋತು ಬೀಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬಾಗಿದ ಎಲುಬು ಮತ್ತೆ ನೆಟ್ಟಗಾಗುವುದಿಲ್ಲ. ನನ್ನದರ ಮುಂಗಾಲು ಇಂದಿಗೂ ಬಾಗಿಯೇ ಇದೆ. ನಾಲಿಗೆ ಮಾತ್ರ ಮೂರು ತಿಂಗಳಲ್ಲಿ ಮರಳಿತು.

ಇನ್ನು ಜಿರಲೆಯ ವಿಷಯ. ಜಗತ್ತಿನಲ್ಲಿ 4,500ಕ್ಕೂ ಹೆಚ್ಚು ಜಾತಿಯ ಜಿರಲೆಗಳಿವೆ. ಮನುಷ್ಯನ ಮನೆಗೆ ಒಗ್ಗಿಕೊಂಡವು 30ರ ಆಸುಪಾಸು ಮಾತ್ರ. ನಮ್ಮ ಬಚ್ಚಲಿನಲ್ಲಿ ಓಡಾಡುವ ಜೊಂಡಿಗ ಗೋಡೆ ಹತ್ತುತ್ತದೆ, ಹಾರುತ್ತದೆ, ಸಿಕ್ಕಲ್ಲೆಲ್ಲ ತತ್ತಿಚೀಲ ಅಂಟಿಸುತ್ತದೆ; ಅದನ್ನು ಸಾಕಿದರೆ ಮನೆಯೇ ಪೆಟ್ಟಿಗೆಯಾಗುತ್ತದೆ. ಅದನ್ನು ಹಿಡಿದು ಊಸರವಳ್ಳಿಗೆ ಹಾಕುವುದೂ ಸಲ್ಲದು. ಅದು ಜಿರಲೆ ಕೊಲ್ಲುವ ಸೀಮೆಸುಣ್ಣದ ಗೆರೆ ದಾಟಿ ಬಂದಿದೆಯೋ, ಪಕ್ಕದ ಮನೆಯವರು ಇಟ್ಟ ವಿಷದ ಜೆಲ್ ತಿಂದಿದೆಯೋ, ಹೊಟ್ಟೆಯಲ್ಲಿ ಯಾವ ಜಂತುವಿದೆಯೋ ಹೇಳಲಾಗದು.

ಊಸರವಳ್ಳಿ ಸಾಕುವವರು ಬಹುಪಾಲು ಬಳಸುವುದು ಡುಬಿಯಾ ಜಿರಲೆ, ಪೂರ್ತಿ ಹೆಸರು ಬ್ಲಾಪ್ಟಿಕಾ ಡುಬಿಯಾ. ಇದು ದಕ್ಷಿಣ ಅಮೆರಿಕದ್ದು. ಬೆಳೆದರೆ ನಾಲ್ಕು, ನಾಲ್ಕೂವರೆ ಸೆಂಟಿಮೀಟರ್. ಗಂಡಿಗೆ ಮೈಮುಚ್ಚುವಷ್ಟು ರೆಕ್ಕೆ, ಹೆಣ್ಣಿಗೆ ಭುಜದ ಮೇಲೆ ಎರಡು ತುಂಡು ರೆಕ್ಕೆ ಮಾತ್ರ. ಹೆಣ್ಣು ಹಾರಲಾರದು, ಗಂಡು ಬಿದ್ದಾಗ ರೆಕ್ಕೆ ಬಡಿದೀತು ಅಷ್ಟೆ. ನುಣುಪಾದ ಪ್ಲಾಸ್ಟಿಕ್ ಮತ್ತು ಗಾಜನ್ನು ಇದು ಹತ್ತಲಾರದು. ಬಚ್ಚಲ ಜಿರಲೆಯ ಪಾದದ ತುದಿಯಲ್ಲಿರುವ ಅಂಟುಮೆತ್ತೆ ಇದರಲ್ಲಿ ಕೆಲಸಕ್ಕೆ ಬರುವಷ್ಟು ಇಲ್ಲ. ಈ ಒಂದು ಕೊರತೆಯ ಮೇಲೆಯೇ ಇಡೀ ಸಾಕಣೆ ನಿಂತಿದೆ.

ಇದರ ಹೆರಿಗೆ ನೋಡುವಂಥದ್ದು. ತಾಯಿ ತತ್ತಿಗಳ ಹಳದಿ ಚೀಲವನ್ನು ಒಡಲಿನಿಂದ ಹೊರಕ್ಕೆ ಚಾಚಿ, ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮರಿಗಳು ಒಡಲೊಳಗೇ ಒಡೆದು, ಬೆಳ್ಳಗೆ, ಅಕ್ಕಿಕಾಳಿನಂತೆ ಹೊರಬರುತ್ತವೆ. ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತವೆ. ಒಂದು ಸಲಕ್ಕೆ 20ರಿಂದ 35 ಮರಿ. ಎರಡು ಸೂಲುಗಳ ನಡುವೆ ಬೆಚ್ಚಗಿನ ಕಾಲದಲ್ಲಿ ಎರಡು ತಿಂಗಳು ಎಂದಿಟ್ಟುಕೊಳ್ಳಿ. ಚೀಲ ಹೊರಚಾಚಿದ ಹೊತ್ತಿನಲ್ಲಿ ಅವು ಕುಳಿತಿರುವ ರಟ್ಟಿನ ಟ್ರೇ ಅಲುಗಾಡಿಸಿದರೆ ಅಥವಾ ಪೆಟ್ಟಿಗೆ ತೀರಾ ಒಣಗಿದ್ದರೆ ತಾಯಿ ಚೀಲವನ್ನು ಉದುರಿಸಿಬಿಡುತ್ತದೆ. ಕೆಳಗೆ ಹಳದಿ ಚೀಲಗಳು ಬಿದ್ದಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿ ನೆಮ್ಮದಿ ಇಲ್ಲ ಎಂದು ತಿಳಿಯಿರಿ. ದಿನಾ ಮುಚ್ಚಳ ತೆಗೆದು ನೋಡುವ ಆಸೆಯನ್ನು ಹತ್ತಿಕ್ಕುವುದು ಹೊಸಬರಿಗೆ ಬಹಳ ಕಷ್ಟ. ನಾನು ಈಗ ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ತೆಗೆಯುವುದಿಲ್ಲ.

ಮಾರುಕಟ್ಟೆಯಲ್ಲಿ ‘ರೆಡ್ ರನ್ನರ್’ ಎಂಬ ಇನ್ನೊಂದು ಜಾತಿಯೂ ಸಿಗುತ್ತದೆ, ತುರ್ಕಿಸ್ತಾನ ಜಿರಲೆ. ಬೇಗ ಬೆಳೆಯುತ್ತದೆ, ಚುರುಕಾಗಿ ಓಡುವುದರಿಂದ ಊಸರವಳ್ಳಿಯ ಕಣ್ಣನ್ನೂ ಬೇಗ ಸೆಳೆಯುತ್ತದೆ. ಆದರೆ ಇದು ತತ್ತಿಚೀಲವನ್ನು ಉದುರಿಸುವ ಜಾತಿ. ಕಸದ ಜೊತೆ ಒಂದು ಚೀಲ ಹೊರಹೋದರೆ ಹಿತ್ತಿಲಲ್ಲಿ ಮರಿಯಾಗುತ್ತದೆ. ಅಮೆರಿಕದಲ್ಲಿ 1978ರಲ್ಲಿ ಕ್ಯಾಲಿಫೋರ್ನಿಯದ ಒಂದು ಸೇನಾ ಉಗ್ರಾಣದಲ್ಲಿ ಮೊದಲು ಕಂಡ ಈ ಜಿರಲೆ ಇಂದು ಆ ದೇಶದ ನೈಋತ್ಯ ರಾಜ್ಯಗಳಲ್ಲಿ ಬೀಡುಬಿಟ್ಟಿದೆ. ಡುಬಿಯಾವನ್ನೇ ಫ್ಲೋರಿಡಾ ರಾಜ್ಯ ಸಾಕಗೊಡುವುದಿಲ್ಲ, ಅಲ್ಲಿನ ಬಿಸಿ ತೇವದ ಹವೆಯಲ್ಲಿ ಅದು ಹೊರಗೂ ಬದುಕೀತೆಂಬ ಆತಂಕ ಇದೆ. ನಮ್ಮ ಹವೆಯೂ ಅದಕ್ಕೆ ಹಗೆಯೇನಲ್ಲ. ಆದ್ದರಿಂದ ನನ್ನ ತೀರ್ಮಾನ ಸ್ಪಷ್ಟ: ರೆಡ್ ರನ್ನರ್ ಬೇಡ, ಡುಬಿಯಾ ಆದರೂ ಒಂದೂ ಹೊರಹೋಗಬಾರದು. ಹವ್ಯಾಸ ಬೇಸರವಾಯಿತೆಂದು ಹಿತ್ತಿಲಿಗೆ ಸುರಿಯುವ ಕೆಲಸ ಎಂದಿಗೂ ಬೇಡ. ಬೇಡವಾದ ಜಿರಲೆಗಳನ್ನು ಡಬ್ಬಿಯಲ್ಲಿ ಹಾಕಿ ಎರಡು ದಿನ ಫ್ರೀಜರ್‌ನಲ್ಲಿಟ್ಟರೆ ಮುಗಿಯಿತು. ಹೊರದೇಶದಿಂದ ಜೀವಂತ ಕೀಟ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು ಎಂಬುದೂ ನೆನಪಿರಲಿ. ಅಂಚೆಯಲ್ಲಿ ಗುಟ್ಟಾಗಿ ತರಿಸುವವರ ಜೊತೆ ಸೇರಬೇಡಿ.

ನಮ್ಮದೇ ನೆಲದ ಒಂದು ಚೆಂದದ ಜಿರಲೆಯನ್ನು ಇಲ್ಲಿ ಹೇಳದಿರಲಾರೆ. ಥೇರಿಯಾ ಪೆಟಿವೆರಿಯಾನಾ ಎಂಬ ಇದು ದಕ್ಷಿಣ ಭಾರತದ ಕುರುಚಲು ಕಾಡಿನ ತರಗೆಲೆಗಳ ಅಡಿ ಇರುತ್ತದೆ. ಕಪ್ಪು ಮೈ, ಮೇಲೆ ಏಳು ಬಿಳಿಚುಕ್ಕೆ. ದೂರದ ದೇಶಗಳಲ್ಲಿ ಇದನ್ನು ಅಂದಕ್ಕೆಂದೇ ಸಾಕುತ್ತಾರೆ. ಬೆಳೆಯುವುದು ಬಹಳ ನಿಧಾನ, ಹಾಗಾಗಿ ಆಹಾರಕ್ಕೆ ಸಾಕುವ ಮಾತೇ ಇಲ್ಲ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಕಂಡರೆ ಜಿರಲೆಯೆಂದು ಮೆಟ್ಟಬೇಡಿ.

ಪೆಟ್ಟಿಗೆ ಕಟ್ಟುವುದು ಸುಲಭ. 50 ಲೀಟರ್ ಹಿಡಿಸುವ, ಬೆಳಕು ಒಳಬಿಡದ, ಒಳಗೋಡೆ ನುಣುಪಾದ ಮುಚ್ಚಳದ ಪೆಟ್ಟಿಗೆ ಸಾಕು. ಮುಚ್ಚಳದಲ್ಲಿ ಎರಡು ಅಂಗೈಯಗಲದ ಕಿಂಡಿ ಕೊರೆದು ಸ್ಟೀಲ್ ಜಾಲರಿ ಅಂಟಿಸಿ. ನೈಲಾನ್ ಸೊಳ್ಳೆಪರದೆಯನ್ನು ಅವು ಕಡಿದು ತೂತು ಮಾಡುತ್ತವೆ. ಒಳಗೆ ರಟ್ಟಿನ ತತ್ತಿ ಟ್ರೇಗಳನ್ನು ನಿಲ್ಲಿಸಿಡಬೇಕು, ಮಲಗಿಸಿದರೆ ಹಿಕ್ಕೆ ಮೇಲೆಯೇ ಉಳಿದು ಕೊಳೆಯುತ್ತದೆ. ಕಿರಾಣಿ ಅಂಗಡಿಯವರು ಟ್ರೇಗಳನ್ನು ಕೇಳಿದರೆ ಕೊಡುತ್ತಾರೆ. ಒಡೆದ ತತ್ತಿಯ ಕಲೆ ಇಲ್ಲದವನ್ನು ಆರಿಸಿ ಒಂದು ದಿನ ಪೂರ್ತಿ ಬಿಸಿಲಿಗೆ ಹಾಕಿ. ತಳಕ್ಕೆ ಮಣ್ಣು, ಹೊಟ್ಟು ಏನೂ ಬೇಡ. ನೀರಿನ ಬಟ್ಟಲೂ ಬೇಡ, ಮರಿಗಳು ಮುಳುಗುತ್ತವೆ. ಗಜ್ಜರಿ, ಕುಂಬಳಕಾಯಿಯ ತುಂಡುಗಳಲ್ಲಿರುವ ನೀರೇ ಅವಕ್ಕೆ ಸಾಲುತ್ತದೆ. ಇರುವೆ ಬರದಂತೆ ಪೆಟ್ಟಿಗೆಯನ್ನು ನಾಲ್ಕು ಕಾಲಿನ ಮಣೆಯ ಮೇಲಿಟ್ಟು ಪ್ರತಿ ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿದ್ದೇನೆ. ಅವ್ವ ಬೆಲ್ಲದ ಡಬ್ಬಿಗೆ ಮಾಡುವ ಉಪಾಯ ಅದು. ಕೆಂಪಿರುವೆ ಒಮ್ಮೆ ಒಳಹೊಕ್ಕರೆ ಪೊರೆ ಕಳಚುತ್ತಿರುವ ಮೆತ್ತನೆಯ ಮರಿಗಳು ಒಂದೂ ಉಳಿಯುವುದಿಲ್ಲ.

ಮೇವಿನ ವಿಷಯದಲ್ಲಿ ಎರಡು ಊಟ ಬೇರೆ ಬೇರೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಪೆಟ್ಟಿಗೆಯಲ್ಲಿ ಬೆಳೆಯುವ, ಮರಿಹಾಕುವ ಜಿರಲೆಗೆ ಒಂದು ಊಟ. ಊಸರವಳ್ಳಿಗೆ ಕೊಡುವ ಮುನ್ನ ಒಂದೆರಡು ದಿನ ಹೊಟ್ಟೆ ತುಂಬಿಸುವ ಊಟ ಇನ್ನೊಂದು.

ಮೊದಲನೆಯದಕ್ಕೆ ನಾನು ಗೋಧಿ ತವುಡು, ಜೋಳದ ನುಚ್ಚು, ಪುಟಾಣಿ ಹಿಟ್ಟು, ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪಿನ ಪುಡಿ ಬೆರೆಸುತ್ತೇನೆ. ತವುಡು ನಾಲ್ಕು ಪಾಲಾದರೆ ನುಚ್ಚು ಎರಡು, ಉಳಿದೆರಡು ಒಂದೊಂದು ಪಾಲು. ಬೇಗ ಬೆಳೆಯಲೆಂದು ಶೇಂಗಾ ಹಿಂಡಿ, ಒಣಮೀನಿನ ಪುಡಿ ಸುರಿಯುವವರಿದ್ದಾರೆ. ಅದು ಸರಿಯಲ್ಲ. ಜಿರಲೆ ಹೆಚ್ಚಾದ ಪ್ರೋಟೀನಿನ ಸಾರಜನಕವನ್ನು ಯೂರಿಕ್ ಆಮ್ಲವಾಗಿ ತನ್ನ ಕೊಬ್ಬಿನಲ್ಲಿ ಕೂಡಿಡುವ ಪ್ರಾಣಿ. ಅದರ ಮೈಯೊಳಗೆ ಬ್ಲಾಟಾಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯ ಇದೆ. ಮೇವು ಕಡಿಮೆಯಾದಾಗ ಈ ಬ್ಯಾಕ್ಟೀರಿಯ ಕೂಡಿಟ್ಟ ಸಾರಜನಕದಿಂದಲೇ ಮತ್ತೆ ಅಮೈನೊ ಆಮ್ಲ ಮಾಡಿಕೊಡುತ್ತದೆ. ಬರಗಾಲಕ್ಕೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ನಮ್ಮ ಹಿರಿಯರಂತೆ ಬಾಳುವ ಜೀವಿಗೆ ನಿತ್ಯ ಹಬ್ಬದೂಟ ಬೇಕಿಲ್ಲ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ವಿಷವೂ ಬರುತ್ತದೆ, ಮಳೆಗಾಲದಲ್ಲಂತೂ ಅದನ್ನು ಮುಟ್ಟಬೇಡಿ.

ಎರಡನೆಯ ಊಟಕ್ಕೆ ಬೇಕಾದಷ್ಟು ಜಿರಲೆಗಳನ್ನು ಬೇರೆ ಡಬ್ಬಿಗೆ ತೆಗೆದು 24ರಿಂದ 48 ಗಂಟೆ ನುಗ್ಗೆ ಸೊಪ್ಪು, ಗಜ್ಜರಿ, ಕುಂಬಳಕಾಯಿ, ಸಿಕ್ಕರೆ ಹಿಪ್ಪುನೇರಳೆ ಎಲೆ ಕೊಡುತ್ತೇನೆ. ತವುಡನ್ನು ಆಗ ನಿಲ್ಲಿಸುತ್ತೇನೆ, ಏಕೆಂದರೆ ತವುಡಿನಲ್ಲಿ ರಂಜಕ ಜಾಸ್ತಿ. ಪಾಲಕ ಮತ್ತು ರಾಜಗಿರಿ ಸೊಪ್ಪು ಹಸಿರಾಗಿ ಕಂಡರೂ ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಅವು ಬೇಡ. ಊಸರವಳ್ಳಿ ಜಿರಲೆಯನ್ನು ನುಂಗಿದಾಗ ಅದರ ಹೊಟ್ಟೆಯಲ್ಲಿರುವ ಈ ಸೊಪ್ಪನ್ನೂ ನುಂಗುತ್ತದೆ. ಹಿಂದೆ ನನ್ನದು ನುಂಗುತ್ತಿದ್ದದ್ದು ಬಿಸ್ಕತ್ತಿನ ಪುಡಿ.

ಅಷ್ಟರಿಂದಲೇ ಲೆಕ್ಕ ಸರಿಹೋಗುವುದಿಲ್ಲ. ಕೊಡುವ ಮುನ್ನ ಜಿರಲೆಯ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ತೆಳ್ಳಗೆ ಉದುರಿಸಬೇಕು. ಇಲ್ಲೊಂದು ಎಚ್ಚರಿಕೆ. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ಲವೇ ಎಂದು ನನ್ನನ್ನು ಒಬ್ಬರಲ್ಲ, ಮೂವರು ಕೇಳಿದ್ದಾರೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸುಡುವ ಕ್ಷಾರ. ಊಸರವಳ್ಳಿಯ ಬಾಯಿ, ನಾಲಿಗೆ ಬೆಂದುಹೋಗುತ್ತವೆ. ಎಂದಿಗೂ ಬಳಸಬೇಡಿ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದನ್ನು ಊಸರವಳ್ಳಿ ಅತಿನೇರಳೆ ಬಿ ಕಿರಣಗಳ ಸಹಾಯದಿಂದ ಚರ್ಮದಲ್ಲಿ ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಅದಕ್ಕೇ ನಾನು ಜಾಲರಿ ಪಂಜರವನ್ನು ಬೆಳಿಗ್ಗೆ ಅರ್ಧ ಗಂಟೆ ಮಾಳಿಗೆಯ ಮೇಲೆ, ಅರ್ಧಕ್ಕೆ ನೆರಳು ಬೀಳುವಂತೆ ಇಡುತ್ತೇನೆ ಮತ್ತು ಪಕ್ಕದಲ್ಲೇ ಕುಳಿತಿರುತ್ತೇನೆ. ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟರೆ ಒಳಗಿನ ಜೀವ ಬೆಂದೇ ಹೋಗುತ್ತದೆ. ಮೋಡದ ತಿಂಗಳುಗಳಿಗೆ ಅತಿನೇರಳೆ ದೀಪ ಕೊಳ್ಳಲೇಬೇಕು, ಆ ಖರ್ಚನ್ನು ಉಳಿಸುವ ದಾರಿಯಿಲ್ಲ.

ಜಿರಲೆಗೆ ವಿಷ ತಗುಲುವ ದಾರಿಗಳು ನಮ್ಮ ಭಾಗದ ಮನೆಗಳಲ್ಲಿ ಎಷ್ಟಿವೆ ಎಂಬುದು ನನಗೆ ಒಂದು ಪೆಟ್ಟಿಗೆ ಪೂರ್ತಿ ಸತ್ತ ಮೇಲೆ ತಿಳಿಯಿತು. ಒಂದು ಸಂಜೆ ಪಕ್ಕದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಬಾಗಿಲು ಮುಚ್ಚದೆ ಮಲಗಿದ್ದೆವು. ಬೆಳಿಗ್ಗೆ ನೋಡಿದರೆ ಅರ್ಧಕ್ಕೂ ಹೆಚ್ಚು ಜಿರಲೆಗಳು ಅಂಗಾತ ಬಿದ್ದು ಕಾಲು ನಡುಗಿಸುತ್ತಿದ್ದವು, ಮೂರನೇ ದಿನಕ್ಕೆ ಎಲ್ಲ ಮುಗಿದಿತ್ತು. ಸೊಳ್ಳೆ ಬತ್ತಿ, ಸೊಳ್ಳೆಯ ದ್ರವದ ಯಂತ್ರ ಎರಡರಲ್ಲೂ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಸೊಳ್ಳೆಯನ್ನು ಕೊಲ್ಲುವುದು ಜಿರಲೆಯನ್ನು ಬಿಟ್ಟೀತೇ?

ಕಾಳಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಹುಳ ಹಿಡಿಯದಿರಲೆಂದು ಜೋಳದ ಚೀಲದಲ್ಲಿ ಬೇವಿನ ಸೊಪ್ಪು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಗೋಧಿಗೆ, ಬೇಳೆಗೆ ಬೋರಿಕ್ ಪುಡಿ ಸವರಿಡುವ ಮನೆಗಳೂ ಇವೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟಗಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಬೋರಿಕ್ ಆಮ್ಲವಂತೂ ಜಿರಲೆ ಕೊಲ್ಲಲೆಂದೇ ಮಾರುವ ವಸ್ತು. ನಮ್ಮ ಊಟಕ್ಕೆ ಕಾಳನ್ನು ತೊಳೆದು ಬಳಸುತ್ತೇವೆ, ಜಿರಲೆಗೆ ಹಾಗೆಯೇ ಬೀಸಿ ಹಾಕುತ್ತೇವೆ. ಮರಿಗಳು ಪೊರೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತಿದ್ದರೆ ಹಿಟ್ಟಿನ ಮೂಲವನ್ನು ವಿಚಾರಿಸಿ. ನಾನು ಜಿರಲೆಯ ಜೋಳಕ್ಕೆ ಬೇರೆ ಡಬ್ಬಿ ಮಾಡಿ, ಬಿಸಿಲಲ್ಲಿ ಒಣಗಿಸಿ, ಏನೂ ಬೆರೆಸದೆ ಗಟ್ಟಿಯಾಗಿ ಮುಚ್ಚಿಡುತ್ತೇನೆ.

ತರಕಾರಿಗೂ ಇದೇ ಭಯ. ಧಾರವಾಡದ ಸೂಪರ್ ಮಾರ್ಕೆಟ್ಟಿನಿಂದ ತಂದ ಹೂಕೋಸಿಗೆ ನಾಲ್ಕು ದಿನ ಹಿಂದೆ ಏನು ಸಿಂಪಡಿಸಿದ್ದರೆಂದು ಮಾರುವ ಅಜ್ಜಿಗೂ ಗೊತ್ತಿರುವುದಿಲ್ಲ. ಬೇರಿನ ಮೂಲಕ ಒಳಸೇರುವ ಔಷಧವನ್ನು ತೊಳೆದು ತೆಗೆಯಲಾಗದು. ಹಾಗಾಗಿ ನನ್ನ ಹತ್ತಿರ ಒಂದು ಪರೀಕ್ಷೆಯ ಡಬ್ಬಿ ಇದೆ. ಹೊಸ ಕಡೆಯಿಂದ ಬಂದ ಸೊಪ್ಪು, ತರಕಾರಿಯನ್ನು ಮೊದಲು ಅದರಲ್ಲಿರುವ ಹತ್ತು ಮರಿಗಳಿಗೆ ಹಾಕುತ್ತೇನೆ. ಎರಡು ದಿನ ಅವು ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ. ಆ ಎರಡು ದಿನ ಕಾಯುವ ಅಭ್ಯಾಸದಿಂದ ಪೆಟ್ಟಿಗೆ ಎರಡು ಸಲ ಉಳಿದಿದೆ, ಒಮ್ಮೆ ಕೊತ್ತಂಬರಿಯಿಂದ, ಒಮ್ಮೆ ಬದನೆಕಾಯಿಯಿಂದ.

ಋತುಗಳಿಗೆ ಬಂದರೆ, ಡುಬಿಯಾ ಚೆನ್ನಾಗಿ ಮರಿಹಾಕುವುದು 27ರಿಂದ 33 ಡಿಗ್ರಿ ಸೆಲ್ಸಿಯಸ್ ನಡುವೆ. 20ರ ಕೆಳಗೆ ಬದುಕಿರುತ್ತದೆ, ಆದರೆ ಸೂಲು ನಿಲ್ಲುತ್ತದೆ. ನಮ್ಮಲ್ಲಿ ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಏನೂ ಮಾಡಬೇಕಿಲ್ಲ. ಕೋಣೆ 38 ದಾಟದಂತೆ, ಪೆಟ್ಟಿಗೆ ತೀರಾ ಒಣಗದಂತೆ ಒಂದು ಮೂಲೆಗೆ ನೀರು ಚಿಮುಕಿಸಿದರೆ ಸಾಕು. ಧಾರವಾಡದ ಜುಲೈ ಮಾತ್ರ ಬೇರೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗೋಡೆಯೇ ಬೆವರುವಾಗ ಪೆಟ್ಟಿಗೆಯಲ್ಲಿ ಬೂಷ್ಟು ಬರುತ್ತದೆ, ಹಿಂದೆಯೇ ನುಸಿ. ಆಗ ಹಸಿ ಮೇವನ್ನು ಸಂಜೆ ಹಾಕಿ ಬೆಳಿಗ್ಗೆ ತೆಗೆಯಬೇಕು, ಒದ್ದೆಯಾದ ಟ್ರೇಯನ್ನು ಅಂದೇ ಬದಲಿಸಬೇಕು. ಒಳ್ಳೆಯ ಪೆಟ್ಟಿಗೆಗೆ ವಾಸನೆ ಬಹಳ ಕಡಿಮೆ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಬಡಿದರೆ ಒಳಗೆ ಎಲ್ಲೋ ಕೊಳೆಯುತ್ತಿದೆ.

ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಯ ಹತ್ತಿರ ಇಳಿಯುತ್ತದೆ. ಥರ್ಮೋಸ್ಟಾಟ್ ಇರುವ ಶಾಖದ ಹಾಸನ್ನು ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ತಾಗಿಸಿ, ಇನ್ನೊಂದು ಪಕ್ಕ ತಂಪಾಗಿರಲಿ. ತಮಗೆ ಬೇಕಾದ ಜಾಗವನ್ನು ಅವೇ ಹುಡುಕಿಕೊಳ್ಳುತ್ತವೆ. ರಟ್ಟಿನ ಟ್ರೇಗಳಿರುವ ಕಡೆ ಬಲ್ಬು ಇಳಿಬಿಡುವುದು ಬೆಂಕಿಗೆ ಕರೆ ಕೊಟ್ಟಂತೆ. ಕರೆಂಟು ಹೋದ ರಾತ್ರಿಗೆ ಅವ್ವ ಒಂದು ಹಳೆಯ ಕೌದಿ ಕೊಟ್ಟಿದ್ದಾಳೆ. ಹಾಸಿನ ಸ್ವಿಚ್ಚು ಆರಿಸಿ, ಗಾಳಿಯ ಕಿಂಡಿ ಬಿಟ್ಟು ಸುತ್ತಲೂ ಹೊದಿಸುತ್ತೇವೆ.

ಎಷ್ಟು ಜಿರಲೆ ಬೇಕು ಎಂಬ ಲೆಕ್ಕವನ್ನು ಹೊಸಬರು ಯಾವಾಗಲೂ ಕಡಿಮೆ ಮಾಡಿಕೊಳ್ಳುತ್ತಾರೆ. ಬೆಳೆದ ಒಂದು ಊಸರವಳ್ಳಿಗೆ ದಿನ ಬಿಟ್ಟು ದಿನ ಐದಾರು ಮಧ್ಯಮ ಗಾತ್ರದ ಜಿರಲೆ ಸಾಕು, ಎಂದರೆ ತಿಂಗಳಿಗೆ 90ರ ಒಳಗೆ. ಒಂದು ಹೆಣ್ಣಿನಿಂದ ಸರಾಸರಿ ತಿಂಗಳಿಗೆ ಹತ್ತು ಮರಿ ಎಂದರೆ ಒಂಬತ್ತು ಹೆಣ್ಣು ಸಾಲಬೇಕು. ಆದರೆ ಚಳಿಗಾಲದಲ್ಲಿ ಸೂಲು ಅರ್ಧಕ್ಕಿಳಿಯುತ್ತದೆ, ಒಂದಿಷ್ಟು ಮರಿ ಸಾಯುತ್ತವೆ, ಒಂದಿಷ್ಟನ್ನು ಮುಂದಿನ ತಾಯಂದಿರಾಗಲು ಬಿಡಬೇಕು. 20 ಹೆಣ್ಣು, 5 ಗಂಡು ಇಟ್ಟುಕೊಳ್ಳಿ. ಗಂಡು ಹೆಚ್ಚಾದರೆ ಹೆಣ್ಣುಗಳಿಗೆ ಕಿರುಕುಳ, ಅವುಗಳ ನಡುವೆಯೂ ಕಾದಾಟ. ಹೆಚ್ಚಾದ ಗಂಡುಗಳನ್ನೇ ಮೊದಲು ಊಟಕ್ಕೆ ಕೊಡಿ.

ಇಲ್ಲಿ ತಾಳ್ಮೆ ಬೇಕಾಗುತ್ತದೆ. ಮರಿ ಊಟದ ಗಾತ್ರಕ್ಕೆ ಬರಲು ಸುಮಾರು ಮೂರು ತಿಂಗಳು, ತಾಯಿಯಾಗಲು ನಾಲ್ಕರಿಂದ ಆರು ತಿಂಗಳು. ಬೆಳೆದ ಜಿರಲೆಗಳನ್ನೇ ಕೊಂಡು ಶುರುಮಾಡಿದರೂ ಮೊದಲ ಐದು ತಿಂಗಳು ಪೆಟ್ಟಿಗೆಯಿಂದ ಒಂದನ್ನೂ ತೆಗೆಯಬಾರದು. ಬಿತ್ತನೆಯ ಜೋಳವನ್ನು ರೊಟ್ಟಿ ತಟ್ಟಿದರೆ ಮುಂಗಾರಿಗೆ ಬಿತ್ತುವುದೇನು? ಆದ್ದರಿಂದ ಊಸರವಳ್ಳಿ ಮನೆಗೆ ಬರುವ ಅರ್ಧ ವರ್ಷ ಮೊದಲೇ ಜಿರಲೆಯ ಪೆಟ್ಟಿಗೆ ತುಂಬಿರಬೇಕು. ನಾನು ಇದನ್ನು ತಲೆಕೆಳಗಾಗಿ ಮಾಡಿದ್ದೆ. ಆ ಅವಸರದಿಂದಲೇ ಬಿಸ್ಕತ್ತಿನ ಪುಡಿ, ಆ ಪುಡಿಯಿಂದಲೇ ಬಾಗಿದ ಕಾಲು.

ಬಡಿಸುವಾಗ ಜಿರಲೆಯ ಉದ್ದ ಊಸರವಳ್ಳಿಯ ತಲೆಯ ಅಗಲಕ್ಕಿಂತ ಹೆಚ್ಚಿರಬಾರದು. ಪಂಜರದೊಳಗೆ ಹಾಗೇ ಬಿಟ್ಟರೆ ಡುಬಿಯಾ ಕುಂಡದ ಮಣ್ಣಿನಲ್ಲಿ ಹುದುಗಿಕೊಳ್ಳುತ್ತದೆ, ಇಲ್ಲವೇ ಸತ್ತಂತೆ ಮಲಗುತ್ತದೆ. ಅಲುಗಾಡದ್ದನ್ನು ಊಸರವಳ್ಳಿ ನೋಡುವುದೇ ಇಲ್ಲ. ನುಣುಪಾದ ಬಟ್ಟಲನ್ನು ಕೊಂಬೆಗೆ ಕಟ್ಟಿ ಅದರಲ್ಲಿ ಹಾಕಿದರೆ ಹತ್ತಲು ಕಾಲಾಡಿಸುತ್ತಲೇ ಇರುತ್ತವೆ. ಬರೀ ಜಿರಲೆಯನ್ನೇ ವರ್ಷವಿಡೀ ಕೊಡಬೇಡಿ. ಹಾವೇರಿ ಕಡೆ ರೇಷ್ಮೆ ಸಾಕುವ ಪರಿಚಯದವರಿದ್ದರೆ ರೇಷ್ಮೆ ಹುಳು ಬಹಳ ಒಳ್ಳೆಯ ಆಹಾರ, ಮೆತ್ತನೆಯದು, ಕೊಬ್ಬು ಕಡಿಮೆ. ಹುಳುಗಳ ಹಾಸಿಗೆಗೆ ಸೋಂಕುನಿವಾರಕ ಪುಡಿ ಹಾಕುವ ಮೊದಲೇ ಹುಳು ತೆಗೆದುಕೊಡಲು ಕೇಳಿಕೊಳ್ಳಿ.

ಮನುಷ್ಯರ ಆರೋಗ್ಯದ ಮಾತು ಕೊನೆಗೆ ಬಂದರೂ ಸಣ್ಣದಲ್ಲ. ಜಿರಲೆಯ ಹಿಕ್ಕೆ ಮತ್ತು ಪೊರೆಯ ಧೂಳು ಅಲರ್ಜಿ ತರುತ್ತದೆ, ಉಬ್ಬಸ ಇರುವವರಿಗೆ ಅಪಾಯ. ವರ್ಷಗಟ್ಟಲೆ ಸಾಕಿದವರಲ್ಲಿ ಇದು ನಿಧಾನವಾಗಿ ಶುರುವಾಗುವುದೂ ಉಂಟು. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ನಾನು ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಹಿತ್ತಿಲ ಕಲ್ಲಿನ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿ, ಕೈಗವಸು ತೊಟ್ಟು ಬಳಿದು ಸ್ವಚ್ಛ ಮಾಡುತ್ತೇನೆ. ತಳದ ಹಿಕ್ಕೆಯನ್ನು ಜರಡಿ ಹಿಡಿದು ಮರಿಗಳನ್ನು ಬೇರ್ಪಡಿಸಿ, ಉಳಿದ ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಫ್ರೀಜರ್‌ನಲ್ಲಿಡುತ್ತೇನೆ. ಕಣ್ಣಿಗೆ ಕಾಣದೆ ಉಳಿದ ಮರಿಯೂ ಹಿತ್ತಿಲಿಗೆ ಇಳಿಯಬಾರದು. ಫ್ರೀಜರ್ ಬೇರೆಯದು, ಹಳೆಯದು. ಅಡುಗೆಮನೆಯದಕ್ಕೆ ಕೈ ಹಚ್ಚಲು ಅವ್ವ ಬಿಟ್ಟಿಲ್ಲ, ಬಿಡುವುದು ಸರಿಯೂ ಅಲ್ಲ.

ಆ ಪುಡಿ ಒಳ್ಳೆಯ ಗೊಬ್ಬರ. ಅದನ್ನು ನುಗ್ಗೆ ಗಿಡದ ಬುಡಕ್ಕೆ ಹಾಕುತ್ತೇವೆ. ಈ ಸಲ ಮಳೆ ಹಿಡಿಯುವ ಮೊದಲೇ ಗಿಡ ಚಿಗುರಿದೆ. ಅವ್ವ ನಿನ್ನೆ ಎರಡು ರೆಂಬೆ ಮುರಿದು ತಂದು, ಒಂದರ ಸೊಪ್ಪನ್ನು ಬೇಳೆಗೆ ಬಿಡಿಸಿಟ್ಟಳು, ಇನ್ನೊಂದನ್ನು ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲ ಮುಂದೆ ಇಟ್ಟಳು.